ಮಾವನ ಮಗಳ ಮುಂಗೈ ಮೇಲೆ ನನ್ನ ಹೆಸರು

“ನಿಮ್ಮ ಹುಡುಗಿ ಕೈ ಮ್ಯಾಲೆ ಹಚ್ಚಿ ಐತಲ್ರೀ... ಯಾರ್ರೀ ಅಂವ, ಮಂಜು?”

ನರಗುಂದದಿಂದ ಗಜೇಂದ್ರಗಡಕ್ಕೆ ಫೋನ್ ಮಾಡಿ, ಹೆಣ್ಣು ಕೇಳಿದ್ದ ಹುಡುಗನ ದೊಡ್ಡವ್ವ ಹೀಗೆ ಕೇಳಿದಾಗ ನನ್ನ ಸೋದರಮಾವನ ತುಟಿಯವರೆಗೆ ಬಂದ ಚಹಾದ ಬಸಿ ಅಲ್ಲೇ ನಿಂತಿತಂತೆ. ಹುಡುಗಿ ಅಂದರೆ ಮಾವನ ಮಗಳು ಶೈಲಾ. ಮಂಜು ಅಂದರೆ, ಕ್ಷಮಿಸಿ, ಈ ಅಂಕಣಕಾರ.

ಗಾಬರಿಯಾಗಬೇಡಿ. (ನಿಮ್ಮ ಪಾಲಿನ ಗಾಬರಿಯನ್ನೂ ಮಾವನೇ ಪಟ್ಟಾಗಿದೆ.)

ಎಲ್ಲದಕ್ಕೂ ಮೂಲ ಒಂದು ಬ್ಯಾನರು. ಮಳೆಗಾಲದಲ್ಲಿ ಗಜೇಂದ್ರಗಡದ ಗುಡ್ಡಕ್ಕೆ ಮೋಡ ಇಳಿದಿದ್ದಾಗ ಒಂದು ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿದ್ದೆ. ಮುಂದಿನ ವಾರ ನೋಡಿದರೆ ಬಸ್ ಸ್ಟ್ಯಾಂಡಿನ ಎದುರು ಆಳೆತ್ತರದ ಬ್ಯಾನರ್! ಯಾರೋ ಅಣ್ಣನ ಹುಟ್ಟುಹಬ್ಬ, ಸುತ್ತ ಗೆಳೆಯರ ಮುಖಗಳ ಸಾಲು, ಹಿಂದೆ ನನ್ನ ಗುಡ್ಡ, ನನ್ನ ಮೋಡ. ಬ್ಯಾನರ್ ಅಂಗಡಿಗೆ ಹೋಗಿ ಜಗಳ ತೆಗೆದೆ. ಅಂಗಡಿಯವನು ಕಂಪ್ಯೂಟರಿನಿಂದ ಕಣ್ಣು ಎತ್ತದೆ ಕೇಳಿದ: “ಗುಡ್ಡ ನಿಂದೇನೋ ತಮ್ಮಾ?”

ಕಾಲೇಜಿನಲ್ಲಿ ಡಿಬೇಟ್ ಗೆದ್ದು ಕಪ್ಪು ಹೊತ್ತು ತಂದವನು ನಾನು. ಪರವೋ ವಿರೋಧವೋ, ಚೀಟಿ ಎತ್ತಿ ಕೊಡಿ, ಯಾವುದಾದರೂ ಸೈ. ಆದರೂ ಆ ಪ್ರಶ್ನೆಗೆ ಉತ್ತರ ಹೊಳೆದದ್ದು ರೋಣದ ಬಸ್ಸು ಹತ್ತಿದ ಮೇಲೆ. ಗುಡ್ಡ ನನ್ನದಲ್ಲ, ನಿಜ. ಮೋಡ ಇಳಿಯುವ ತನಕ ನೆನೆಯುತ್ತ ನಿಂತ ಕಾಲು ನನ್ನವಲ್ಲವೇ?

ಬಸ್ಸಿನಲ್ಲೇ ಆ್ಯಪ್ ಇಳಿಸಿಕೊಂಡೆ. ವಾಟರ್‌ಮಾರ್ಕ್! ಅಂದರೆ ಫೋಟೋದ ಮೇಲೆ ಮಸುಕಾಗಿ ನಮ್ಮ ಹೆಸರು. ದಪ್ಪಗೆ ಬರೆದರೆ ಸ್ಟೀಲ್ ಭಾಂಡೆಯ ಮೇಲೆ ‘ಅತ್ತೆ ಮಾವನಿಂದ ಸಪ್ರೇಮ’ ಎಂದು ಕೊರೆಸಿದ ಹಾಗೆ ಕಾಣುತ್ತದೆ. ಮೂಲೆಯಲ್ಲಿ ಹಾಕಿದರೆ ಕಳ್ಳರು ಮೂಲೆಯನ್ನೇ ಕತ್ತರಿಸುತ್ತಾರೆ. ಬಿಳಿ ಅಕ್ಷರ ಮೋಡದಲ್ಲಿ ಕರಗುತ್ತದೆ. ಹಾಗಾಗಿ ನಡುವಿನಿಂದ ತುಸು ಕೆಳಗೆ, ಕೈಬರಹದಂಥ ಅಕ್ಷರದಲ್ಲಿ, ಹಸಿರು ಮಿಶ್ರಿತ ಬೂದು ಬಣ್ಣದಲ್ಲಿ, ಕಂಡೂ ಕಾಣದಂತೆ ‘© ಮಂಜು’. ಇನ್ನು ಮುಂದೆ ಯಾವ ಫೋಟೋ ತೆಗೆದರೂ ಅದು ತಾನೇ ಬಂದು ಕೂರುವ ಹಾಗೆ ಸೆಟ್ ಮಾಡಿದೆ. ಎಷ್ಟು ಜಾಣ ನೋಡಿ!

ಆಮೇಲೆ ಮಾವನ ಮನೆಯ ಮಾಳಿಗೆಯ ಮೇಲೆ ಶೈಲಾಳ ಫೋಟೋ ತೆಗೆದೆ, ಹುಡುಗನ ಮನೆಗೆ ಕಳಿಸಲು. ಪಟ್ಟೇದಂಚಿನ ಸೀರೆ, ಎದೆಯ ಕೆಳಗೆ ಕಟ್ಟಿದ ಕೈ. ಸರಿಯಾಗಿ ಮುಂಗೈ ಮೇಲೆ ನನ್ನ ಹೆಸರು. ನಾನು ನೋಡಲಿಲ್ಲ, ಮಾವ ನೋಡಲಿಲ್ಲ. ನರಗುಂದದ ದೊಡ್ಡವ್ವ ಎರಡು ಬೆರಳಿಟ್ಟು ಹಿಗ್ಗಿಸಿ ನೋಡಿದರು.

ಇಲ್ಲಿ ಶೈಲಾಳ ಬಗ್ಗೆ ಹೇಳಬೇಕು. ನನ್ನ ಓರಗೆಯವಳು, ದವಾಖಾನೆಯ ಲ್ಯಾಬಿನಲ್ಲಿ ಕೆಲಸ. ಬಂದ ಗಂಡುಗಳಲ್ಲಿ ಒಬ್ಬ ಕೆಲಸ ಬಿಡು ಅಂದಿದ್ದ, ಇನ್ನೊಬ್ಬ ಸ್ವಲ್ಪ ಕಡಿಮೆ ನಗು ಅಂದಿದ್ದ. ಇಬ್ಬರನ್ನೂ ಅವಳು ನಗುತ್ತಲೇ ಕಳಿಸಿದ್ದಳು. ಆದರೆ ನರಗುಂದದ ಲೆಕ್ಚರರ್ ವೀರೇಶನ ಜೊತೆ ಫೋನಿನಲ್ಲಿ ಮಾತಾಡಿದ ದಿನ, “ಇಂವಾ ಖರೇ ಮಾತಾಡ್ತಾನ ಮಂಜ್ಯಾ” ಅಂದಿದ್ದಳು. ಅವಳು ಒಬ್ಬನನ್ನು ಪಾಸ್ ಮಾಡಿದ್ದು ಅದೇ ಮೊದಲು.

ಹಚ್ಚೆಯ ಸುದ್ದಿ ತಿಳಿದ ಮೇಲೆ ಅವಳ ಮೆಸೇಜ್ ಬಂತು: “ಈ ಸಂಬಂಧ ಮುರೀತಂದ್ರ ನಿನ್ನ ಕೈಗೆ ಖರೇ ಹಚ್ಚಿ ಹಾಕ್ತೀನಿ. ದಬ್ಬಣದ್ಲೆ.”

ಭಾನುವಾರ ದೊಡ್ಡವ್ವ ತಾವೇ ಬಂದರು, ತಾವು ಸಾಕಿ ಬೆಳೆಸಿದ ವೀರೇಶನನ್ನು ಕರೆದುಕೊಂಡು. ಅವನು ಒಳಗೆ ಬಂದು ಕೂತರೂ ಟೋಪಿ ತೆಗೆಯಲಿಲ್ಲ. “ಬಿಸಲ ಭಾಳ ನೋಡ್ರಿ” ಎಂದು ದೊಡ್ಡವ್ವನೇ ಹೇಳಿದರು. (ಫ್ಯಾನಿನ ಕೆಳಗೆ?)

ತಿನ್ನಲು ಮಂಡಕ್ಕಿಯ ಗಿರ್ಮಿಟ್ ಬಂತು. ಗಿರ್ಮಿಟ್ ಮುಟ್ಟದ ದೊಡ್ಡವ್ವ ಶೈಲಾಳ ಕೈ ಮುಟ್ಟಿದರು. ಸೆರಗಿನ ತುದಿ ಒದ್ದೆ ಮಾಡಿ ಮುಂಗೈ ತಿಕ್ಕಿದರು. ಏನೂ ಇಲ್ಲ.

“ಅಳಿಸ್ಯಾರ” ಅಂದರು. “ಹುಬ್ಬಳ್ಳ್ಯಾಗ ಲೇಸರ್ ಹೊಡದು ತಗೀತಾರಂತ, ಟೀವ್ಯಾಗ ನೋಡೀನಿ.”

ಸಂಶಯವಾದಿ ಎಂದು ಬೀಗುತ್ತಿದ್ದ ನನಗೆ ಗುರು ಸಿಕ್ಕರು. ಮಾವ ಕಣ್ಣಲ್ಲೇ ಬೇಡ ಅಂದರೂ ಎದ್ದು ನಿಂತೆ. ಕಾಪಿರೈಟ್ ಎಂದರೇನು ಎಂದು ಶುರುಮಾಡಿ ಮೊಬೈಲಿನ ಫೋಟೋಗಳನ್ನೆಲ್ಲ ತೋರಿಸಿದೆ. “ಇಲ್ನೋಡ್ರಿ, ಗುಡ್ಡದ ಮ್ಯಾಲೂ ಮಂಜು. ಬಸ್ಸಿನ ಮ್ಯಾಲೂ ಮಂಜು. ಈ ಎಮ್ಮಿ ಹೊಟ್ಟಿ ಮ್ಯಾಲೂ ಮಂಜು. ಎಮ್ಮಿಗೇನ್ ಹಚ್ಚಿ ಹಾಕಸ್ತಾರೇನ್ರಿ?”

ಎಮ್ಮೆಯ ಮುಂದೆ ದೊಡ್ಡವ್ವ ಸೋತರು. ಗಿರ್ಮಿಟ್ಟಿಗೆ ಕೈ ಹಾಕಿದರು. ನಾನು ಮನಸ್ಸಿನಲ್ಲೇ ಕಪ್ಪು ಎತ್ತಿದೆ.

“ಅಲ್ಲಾ, ಈ ತಮ್ಮ ಹುಡುಗಿಗೆ ಏನಾಗ್ಬೇಕ್ರಿ?” ಅಂದರು ದೊಡ್ಡವ್ವ.

ಅಣ್ಣನ ಪಕ್ಕದಲ್ಲೇ ಕೂತಿದ್ದ ನಮ್ಮವ್ವ ಹೆಮ್ಮೆಯಿಂದ ಹೇಳಿದಳು: “ನನ್ನ ಮಗಾರೀ. ಶೈಲಾಗ ಸ್ವಾದರತ್ತಿ ಮಗ.”

ಗಿರ್ಮಿಟ್ ತಟ್ಟೆಗೆ ಮರಳಿತು. ಮುಗೀತು! ನಮ್ಮ ಕಡೆ ಮಾವನ ಮಗಳು ಅತ್ತೆಯ ಮಗನಿಗೇ ಎಂಬ ಮಾತು ತೊಟ್ಟಿಲಿನಿಂದಲೇ ಶುರು. ಯಾವ ಕಾಪಿರೈಟ್ ಕಾಯ್ದೆಗಿಂತಲೂ ಹಳೆಯ ಕಾಯ್ದೆ. ಅಂಥವನ ಹೆಸರು ಅಂಥವಳ ಕೈ ಮೇಲೆ! ಅಣ್ಣನಾಗಿದ್ದರೆ ಉಳಿಯುತ್ತಿದ್ದೆ.

ಆಗ ಶೈಲಾ ಮಾತಾಡಿದಳು.

“ಫೋಟೋ ಇವಂದಿರಬಹುದ್ರಿ. ನಾ ಇವನ ಫೋಟೋ ಅಲ್ಲ” ಅಂದವಳೇ ತನ್ನ ಮೊಬೈಲ್ ತೆಗೆದಳು. “ನಮ್ಮದನ್ನ ಹಿಗ್ಗಿಸಿ ನೋಡೀರಿ, ಚಲೋ ಮಾಡೀರಿ. ಈಗ ನಿಮ್ಮದನ್ನೂ ಸ್ವಲ್ಪ ಹಿಗ್ಗಿಸೋಣೇನ್ರಿ?”

ವೀರೇಶನ ಫೋಟೋ. ತಲೆ ತುಂಬ ಕೂದಲು, ಎಡಕ್ಕೊಂದು ಬೈತಲೆ. ಕೆಳಗಿನ ಮೂಲೆಯಲ್ಲಿ, ಕಂಡೂ ಕಾಣದಂತೆ, ಬಿಳಿ ಅಕ್ಷರ: ಒಂದು ಆ್ಯಪಿನ ಹೆಸರು. ಫೋಟೋದೊಳಗಿನ ತಲೆಗೆ ಕೂದಲು ಹಚ್ಚಿಕೊಡುವ ಆ್ಯಪ್! ಪುಕ್ಕಟೆ ಹಚ್ಚಿದ್ದಕ್ಕೆ ತನ್ನ ವಾಟರ್‌ಮಾರ್ಕ್ ಒತ್ತಿತ್ತು.

ಮನೆಮಂದಿಯೆಲ್ಲ ಟೋಪಿ ನೋಡಿದೆವು.

ವೀರೇಶ ಟೋಪಿ ತೆಗೆದ. ಫ್ಯಾನಿನ ಕೆಳಗೆ ತಲೆ ಫಳಫಳ. “ಕಳಿಸಿದ್ದು ದೊಡ್ಡವ್ವರಿ, ಹಚ್ಚಿದ್ದೂ ದೊಡ್ಡವ್ವ” ಅಂದ. “ಇವರಿಗೆ ನಾ ಮೊದಲ ಫೋನಿನ್ಯಾಗ ಹೇಳೀನಿ, ತಲಿ ಮೈದಾನ ಐತಿ ಅಂತ.”

“ಮೈದಾನ ಅಲ್ಲ, ಸ್ಟೇಡಿಯಂ ಅಂದಿದ್ರಿ” ಅಂದಳು ಶೈಲಾ. ಅವಳು ಅವನನ್ನು ಯಾಕೆ ಪಾಸ್ ಮಾಡಿದ್ದಳು ಎಂದು ನನಗೆ ಆಗ ತಿಳಿಯಿತು.

ದೊಡ್ಡವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. “ಮದುವಿ ಅಕ್ಕಿಕಾಳ ಬೀಳೂತನಕ ಇರ್ಲಿ ಅಂತ ಹಚ್ಚಿದ್ನೆವಾ!” ನಗು ಮೊದಲು ಯಾರದು ಸಿಡಿಯಿತೋ ಗೊತ್ತಿಲ್ಲ. ಮಾವ ಅಂತೂ ನಕ್ಕು ನಕ್ಕು ಚಹಾ ಚೆಲ್ಲಿದರು.

ಇದರಲ್ಲಿ ತರ್ಕ ಎಲ್ಲಿದೆ ಹೇಳಿ. ನಿಜವಾದ ಕೈಯ ನಿಜವಾದ ಫೋಟೋಗೆ ನಾನು ಗುರುತು ಹಾಕಿದೆ. ಅದಕ್ಕೆ ಎಮ್ಮೆಯಿಂದ ಸಾಕ್ಷಿ ಹೇಳಿಸಬೇಕಾಯಿತು. ಇಲ್ಲದ ಕೂದಲಿಗೂ ಗುರುತಿತ್ತು. ಅದನ್ನು ಯಾರೂ ಕೇಳಿರಲಿಲ್ಲ.

ನಿಶ್ಚಯವಾಯಿತು. ಶೈಲಾಳದು ಒಂದೇ ಷರತ್ತು: ಮದುವೆ ಫೋಟೋದಲ್ಲಿ ಮಂಜ್ಯಾನ ಹೆಸರು ಎಲ್ಲೂ ಇರಕೂಡದು. ಒಪ್ಪಿದೆ. ದಬ್ಬಣದ ಭಯ.

ಮೊನ್ನೆ ಗಜೇಂದ್ರಗಡದಲ್ಲಿ ಬಸ್ ಇಳಿದರೆ ಎದುರಿಗೇ ಶುಭವಿವಾಹದ ಬ್ಯಾನರ್. ಮಾವ ಹಾಕಿಸಿದ್ದು, ಅದೇ ಅಂಗಡಿಯಲ್ಲಿ. ಹಿಂದೆ ಗುಡ್ಡ, ಮೋಡ. ನಾನು ಹೆಸರು ಹಾಕಿ ಮತ್ತೆ ಹಂಚಿದ್ದ ಅದೇ ಫೋಟೋ. ಖುಷಿಯಿಂದ ಹೆಸರು ಹುಡುಕಿದೆ. ಸರಿಯಾಗಿ ಅದರ ಮೇಲೇ ವೀರೇಶನ ಫೋಟೋ ಅಂಟಿಸಿದ್ದಾರೆ, ದೊಡ್ಡವ್ವ ಕೊಟ್ಟದ್ದು. ನನ್ನ ಹೆಸರು ಅವನ ದಟ್ಟ ಕೂದಲಿನಡಿ ಮಾಯ.

ಈಗ ಹೇಳಿ, ಆ ಕೂದಲಿನ ಕಾಪಿರೈಟ್ ಯಾರದು?