ಕೊಳೆಬಟ್ಟೆ ಗಾಡಿಯಲ್ಲಿ ಬಂದ ಜೀವಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಬಾಯ್ಲರ್ ಗೊರಗೊರ ಎನ್ನುತ್ತಿದೆ. ಹಬೆಯ ನಡುವೆ ಐವತ್ತು ದಾಟಿದ ಹೆಂಗಸೊಬ್ಬರು ಹಾಸಿಗೆಯ ಚಾದರಗಳನ್ನು ಕೊಡವಿ, ಮೂಸಿ, ಬೇರೆ ಬೇರೆ ಗುಡ್ಡೆ ಹಾಕುತ್ತಿದ್ದಾರೆ. ದಿನಕ್ಕೆ ಐನೂರು ಚಾದರ, ದಿಂಬಿನ ಚೀಲಗಳ ಲೆಕ್ಕ ಬೇರೆ. "ಮೂಗು ಮುಚ್ಕೊಂಡ್ರೆ ಈ ಕೆಲಸ ಆಗಲ್ಲ," ಎನ್ನುತ್ತಾರೆ. "ಯಾವುದಕ್ಕೆ ಎಷ್ಟು ಸೋಪು ಅಂತ ಮೂಗೇ ಹೇಳ್ಬೇಕು."

ಇವರು ಸೋಪಕ್ಕ. ಹಾಗೆಂದು ಹೆಸರಿಟ್ಟವರು ಸೈನಿಕರು. ಮೂಲೆಯಲ್ಲಿ ಇಸ್ತ್ರಿ ಉಜ್ಜುತ್ತ ನಮ್ಮ ಮಾತಿಗೆ ಕಿವಿಗೊಟ್ಟಿರುವವರು ಅವರ ಯಜಮಾನರು.

ಯುದ್ಧ ಶುರುವಾದಾಗ ಊರಿನ ಹೋಟೆಲು, ಲಾಡ್ಜುಗಳೆಲ್ಲ ಬಾಗಿಲು ಹಾಕಿದವು. ಇವರ ಲಾಂಡ್ರಿಗೆ ಬಟ್ಟೆಯೇ ಬರದಾಯಿತು. "ಊರಲ್ಲಿ ಕೊಳೆ ಇದ್ದಿದ್ದು ಸೈನಿಕರ ಹತ್ರ ಮಾತ್ರ," ಎನ್ನುತ್ತಾರೆ ಯಜಮಾನರು. ಸೇನೆಯ ಬಟ್ಟೆ ಒಗೆಯುವ ಗುತ್ತಿಗೆ ಯಜಮಾನರ ಹೆಸರಿನಲ್ಲೇ ಆಯಿತು. ಗಂಡ ಹೆಂಡತಿ ಇಬ್ಬರೂ ಗಡಿಯ ಶಿಬಿರಕ್ಕೆ ಹೊರಟರು. ಅಲ್ಲಿ ನೀರಿಗೆ ಬರ, ಕೆಸರಿಗೆ ಬರವಿಲ್ಲ. ಒಗೆದು ಹರವಿದ ಬಟ್ಟೆಯ ಮೇಲೆ ಶೆಲ್ಲಿನ ಮಣ್ಣು ಬಿದ್ದು, ಮತ್ತೆ ಒಗೆಯಬೇಕು.

ಒಂದು ಮಧ್ಯಾಹ್ನ ಶೆಲ್ಲು ಬಿದ್ದದ್ದು ಲಾಂಡ್ರಿಯ ಪಕ್ಕದ ಬ್ಯಾರಕ್ಕಿನ ಮೇಲೆ. ಒಳಗೆ ಮೂವರು ಹುಡುಗರು ಕಾಲಿಗೆ ಪೆಟ್ಟಾಗಿ ಬಿದ್ದಿದ್ದರು. ವೈದ್ಯರ ಬಂಕರು ಬಟ್ಟಂಬಯಲಿನಂಥ ಅಂಗಳದ ಆಚೆ. ಸ್ಟ್ರೆಚರಿನವರೂ ಆಚೆಯೇ ಸಿಕ್ಕಿಕೊಂಡಿದ್ದರು. ಸೋಪಕ್ಕ ಕೊಳೆಬಟ್ಟೆಯ ತಳ್ಳುಗಾಡಿಯನ್ನು ಎಳೆದುಕೊಂಡು ಹೊರಟರು. ಒಬ್ಬೊಬ್ಬನನ್ನೇ ಬಟ್ಟೆಯ ಮೇಲೆ ಮಲಗಿಸಿ, ಒದ್ದೆ ಕಂಬಳಿ ಹೊದಿಸಿ, ಅಂಗಳ ದಾಟಿಸಿದರು.

"ಎರಡನೆಯವನು ಕಂಬಳಿ ಒಳಗಿಂದ, ಅಕ್ಕಾ, ವಾಸನೆ ತಡೆಯಕ್ಕಾಗ್ತಿಲ್ಲ ಅಂದ. ನಿಮ್ದೇ ಕಾಲುಚೀಲ ಕಣೋ, ಸುಮ್ನೆ ಮಲ್ಕೋ ಅಂದೆ. ಮೂರನೆಯವನು ಆನೆಮರಿ ಹಾಗಿದ್ದ. ಅರ್ಧದಲ್ಲೇ ಗಾಡಿ ಚಕ್ರ ಕಳಚಿಕೊಳ್ತು. ನನ್ನ ಬಿಟ್ಟು ನೀನು ಹೋಗು ಅಕ್ಕಾ ಅಂತ ಅಳೋಕೆ ಶುರು ಮಾಡಿದ." ಕೈಯಲ್ಲಿದ್ದ ಚಾದರವನ್ನು ಗುಡ್ಡೆಗೆ ಎಸೆಯುತ್ತಾರೆ. "ಕಂಬಳಿ ಸಮೇತ ನೆಲದ ಮೇಲೆ ಎಳ್ಕೊಂಡೇ ಹೋದೆ."

ಅಷ್ಟು ಹೊತ್ತು ಯಜಮಾನರು ಎಲ್ಲಿದ್ದರು?

ಇಸ್ತ್ರಿ ನಿಲ್ಲುತ್ತದೆ. "ಲಾಂಡ್ರಿಯ ದೊಡ್ಡ ಮಿಷನ್ ಒಳಗೆ ಹಾರಿದ್ದೆ," ಎನ್ನುತ್ತಾರೆ. "ದಪ್ಪ ಕಬ್ಬಿಣ ನೋಡಿ. ಬಾಗಿಲು ಧಡಾರಂತ ಹಾಕ್ಕೊಂಡೆ. ಅದು ಒಳಗಿಂದ ತೆಗೆಯಕ್ಕೆ ಬರಲ್ಲ ಅಂತ ಆಮೇಲೆ ನೆನಪಾಯ್ತು. ಯಾರಾದ್ರೂ ಸ್ವಿಚ್ ಹಾಕಿಬಿಟ್ರೆ ಅಂತ, ಶೆಲ್ಲಿಗಿಂತ ಅದೇ ದೊಡ್ಡ ಭಯ." ಮೂವರನ್ನೂ ಮುಟ್ಟಿಸಿ ಬಂದ ಮೇಲೆ ಹೆಂಡತಿಯೇ ಬಾಗಿಲು ತೆಗೆದರು.

ಮರುವರ್ಷ ಯುದ್ಧಭೂಮಿಯಲ್ಲಿ ದುಡಿದ ಗುತ್ತಿಗೆದಾರರಿಗೆ ಶೌರ್ಯ ಪದಕ ಕೊಡುವ ಸಮಾರಂಭ. ಮೂವರನ್ನು ಗಾಡಿಯಲ್ಲಿ ದಾಟಿಸಿದ್ದಕ್ಕೂ ಗುತ್ತಿಗೆ ಯಾರ ಹೆಸರಿನಲ್ಲಿತ್ತೋ ಅವರನ್ನೇ ವೇದಿಕೆಗೆ ಕರೆದರು. ಯಜಮಾನರು ಕೂತಲ್ಲೇ ಬೆವೆತರು. "ಹೋಗ್ರೀ, ಪದಕ ಬರೋದು ನಮ್ಮನೆಗೇ ತಾನೇ," ಎಂದು ಸೋಪಕ್ಕನೇ ತಿವಿದು ಕಳಿಸಿದರು. ಮೇಲಧಿಕಾರಿ ಇನ್ನೇನು ಪದಕ ಚುಚ್ಚಬೇಕು, ಇವರು ಮೈಕಿನತ್ತ ಬಾಗಿದರು.

"ಸಾರ್, ಆ ಹೊತ್ತಲ್ಲಿ ನಾನು ಮಿಷನ್‌ನಲ್ಲಿದ್ದೆ."

ಅಧಿಕಾರಿ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದೇ ಬಿಟ್ಟರು. "ಯಾವ ಮಿಷನ್? ಹೇಳಬಹುದಾದರೆ ಹೇಳಿ."

"ಬಟ್ಟೆ ಒಗೆಯೋ ಮಿಷನ್, ಸಾರ್. ಗಾಡಿ ತಳ್ಳಿದ್ದು ಅಲ್ಲಿ ಕೂತಿರೋ ನನ್ನ ಹೆಂಡ್ತಿ."

ಸಭೆ ಗೊಳ್ಳೆಂದಿತು. ನಗು ಇಳಿಯುವ ಮೊದಲೇ ಹಿಂದಿನ ಸಾಲಿನಲ್ಲಿ ಒಬ್ಬ ಊರುಗೋಲು ಹಿಡಿದು ಎದ್ದು ನಿಂತ. ಅದೇ ಮೂರನೆಯವನು. ಅವನನ್ನು ಕಂಡು ಸಭೆಯಲ್ಲಿದ್ದ ಉಳಿದವರೂ ಎದ್ದರು. ಸೋಪಕ್ಕ ವೇದಿಕೆ ಹತ್ತಿದರು. "ಪದಕಕ್ಕಿಂತ ಇವರು ಅಷ್ಟು ಜನರ ಮುಂದೆ ನಿಜ ಹೇಳಿದ್ರಲ್ಲ, ಅದಕ್ಕೆ ಕಣ್ಣು ತುಂಬಿ ಬಂತು," ಎನ್ನುತ್ತಾರೆ. ಯಜಮಾನರು ಕಾಲರಿಗೆ ಜೋರಾಗಿ ಇಸ್ತ್ರಿ ಒತ್ತುತ್ತಾರೆ.

ಆ ಹುಡುಗನಿಗೆ ಈಗ ಮದುವೆಯಾಗಿದೆ, ಇಬ್ಬರು ಮಕ್ಕಳಿದ್ದಾರೆ. ತಿಂಗಳಿಗೊಮ್ಮೆ ಅಕ್ಕನನ್ನು ನೋಡುವ ನೆಪದಲ್ಲಿ ಬರುತ್ತಾನೆ, ಬರುವಾಗ ಮನೆಮಂದಿಯ ಬಟ್ಟೆಯೆಲ್ಲ ಗಂಟು ಕಟ್ಟಿ ತರುತ್ತಾನೆ. ಬಿಟ್ಟಿ ಒಗೆಸಿಕೊಳ್ಳುವ ಅವನಿಗೆ ನೀವು ಬೇಸರದಿಂದ ಒಂದು ಮಾತೂ ಅಂದಿಲ್ಲವೇ ಎಂದು ಕೇಳುತ್ತೇನೆ.

"ತರ್ಲಿ ಬಿಡಿ," ಎನ್ನುತ್ತಾರೆ ಸೋಪಕ್ಕ. "ಬದುಕಿರೋರ ಬಟ್ಟೆ ತಾನೇ ಕೊಳೆ ಆಗೋದು."