ಕೊಡೆ ಅಕ್ಕ ಜೋಡಿಸಿದ ಗರಿಗಳು

ಕೊಡೆ ಅಕ್ಕನ ಅಂಗಡಿ ಇರುವುದು ಮೂರು ಮಹಡಿಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ. ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ಬಡಿಯುತ್ತದೆ. ಹಾಗಾಗಿ ಅಕ್ಕ ಬೆಳಗಿನಿಂದ ಸಂಜೆಯವರೆಗೆ ಕೂತೇ ಕೆಲಸ ಮಾಡುತ್ತಾಳೆ, ಗಿರಾಕಿಗಳು ಸೊಂಟ ಬಗ್ಗಿಸಿ ಮಾತಾಡುತ್ತಾರೆ. ಗೋಡೆಯ ಮೊಳೆಗಳಲ್ಲಿ ಬಟ್ಟೆ ಕಳಚಿದ ಕೊಡೆಗಳು ನೇತಾಡುತ್ತಿರುತ್ತವೆ. ಕಾಲ ಬುಡದ ಬಿಸ್ಕತ್ತು ಡಬ್ಬಿಗಳಲ್ಲಿ ಕಡ್ಡಿ, ಸ್ಪ್ರಿಂಗು, ಹಿಡಿ, ನೂಲು, ಬಿದಿರ ಚೂರು. ಯಾವ ಡಬ್ಬಿಯಲ್ಲಿ ಏನಿದೆ ಅಂತ ಅವಳು ನೋಡಬೇಕಾಗಿಲ್ಲ, ಕೈಗೇ ಗೊತ್ತು.

ಕೆಲಸ ಕಲಿಸಿದ್ದು ಅವಳ ಅಪ್ಪ. ಕೊಡೆಯನ್ನು ಕಣ್ಣಿಂದ ನೋಡುವ ಮೊದಲು ಕಿವಿಯಿಂದ ನೋಡು ಅಂತ ಅವನು ಹೇಳಿಕೊಟ್ಟಿದ್ದ. ಅಕ್ಕ ಬಂದ ಕೊಡೆಯನ್ನು ಕಿವಿಯ ಹತ್ತಿರ ಒಮ್ಮೆ ಬಿಚ್ಚುತ್ತಾಳೆ, ಒಮ್ಮೆ ಮುಚ್ಚುತ್ತಾಳೆ. "ಮೂರನೇ ಕಡ್ಡಿ ಸೊಟ್ಟಗಾಗಿದೆ, ಆರನೇದು ಇವತ್ತೋ ನಾಳೆಯೋ ಅಂತಿದೆ" ಅನ್ನುತ್ತಾಳೆ. ಇಪ್ಪತ್ತೆಂಟು ವರ್ಷದಲ್ಲಿ ಅವಳ ಲೆಕ್ಕ ತಪ್ಪಿದ್ದು ತೀರಾ ಕಡಿಮೆ.

ಒಂದು ಮಧ್ಯಾಹ್ನ ಮಳೆ ಸುರಿಯುತ್ತಿದ್ದಾಗ ಒಬ್ಬ ಹುಡುಗಿ ತೊಪ್ಪೆಯಾಗಿ ಬಂದು ನಿಂತಳು. ಕೈಯಲ್ಲಿ ನಡುವೆ ಮುರಿದ ಕೊಡೆ. ಟೊಳ್ಳು ಕೊಳವೆ ಎರಡು ತುಂಡಾಗಿತ್ತು.

"ಇದು ಮುಗೀತು ಅಲ್ವಾ ಅಕ್ಕಾ?"

"ಯಾರು ಹೇಳಿದ್ದು?" ಅಂದಳು ಅಕ್ಕ.

ಬಿದಿರಿನ ಚೂರೊಂದನ್ನು ಎತ್ತಿಕೊಂಡು ಚಾಕುವಿನಿಂದ ಸವರಿದಳು. ಮೇಲಿನ ತುಂಡಿಗೆ ಅರ್ಧ ತೂರಿಸಿದಳು, ಕೆಳಗಿನ ತುಂಡಿಗೆ ಅರ್ಧ. ಅಂಟು ಹಚ್ಚಿ, ಒಂದು ಕಣ್ಣು ಮುಚ್ಚಿ ನೆಟ್ಟಗಿದೆಯೇ ಅಂತ ನೋಡಿ, ನೂಲು ಸುತ್ತಿ ಗಂಟು ಹಾಕಿದಳು. ಹುಡುಗಿ ಮಳೆ ಮರೆತು ನೋಡುತ್ತಿದ್ದಳು.

"ಇದೇ ಕೆಲಸ ಇನ್ನೂ ಸಣ್ಣದರಲ್ಲಿ ಮಾಡೋಕಾಗುತ್ತಾ ನಿಮಗೆ?"

"ಎಷ್ಟು ಸಣ್ಣ? ಮಕ್ಕಳ ಕೊಡೆನಾ?"

"ಗೂಬೆ."

"ಗೂಬೆಗೆ ಕೊಡೆ ಯಾಕಮ್ಮಾ?"

ಹುಡುಗಿ ನಗುತ್ತಾ ಅಲ್ಲೇ ಮೆಟ್ಟಿಲ ಅಂಚಿಗೆ ಕೂತು ವಿಷಯ ಹೇಳಿದಳು. ಅವಳು ಹಕ್ಕಿಗಳ ಆಸ್ಪತ್ರೆಯ ಡಾಕ್ಟರು. ಅಲ್ಲಿಗೊಂದು ಕಣಜ ಗೂಬೆ ಬಂದಿದೆ. ಫುಟ್‌ಬಾಲ್ ಮೈದಾನದ ಬಲೆಗೆ ಸಿಕ್ಕಿಕೊಂಡು ಒದ್ದಾಡಿ, ಎಡ ರೆಕ್ಕೆಯ ನಾಲ್ಕು ದೊಡ್ಡ ಗರಿ ಮುರಿದುಕೊಂಡಿದೆ. ಮೂಳೆ ಗಟ್ಟಿಯಾಗಿದೆ, ಹೊಟ್ಟೆ ಹಸಿವು ಇನ್ನೂ ಗಟ್ಟಿ. ಆದರೆ ಹೊಸ ಗರಿ ಬರಬೇಕೆಂದರೆ ವರ್ಷವೇ ಹಿಡಿಯಬಹುದು. ಅಷ್ಟು ದಿನ ಪಂಜರದಲ್ಲಿ ಕೂತರೆ ಅದಕ್ಕೆ ಬೇಟೆಯೇ ಮರೆತುಹೋದೀತು. ಹಿಂದೆ ಸತ್ತ ಇನ್ನೊಂದು ಗೂಬೆಯ ಗರಿಗಳನ್ನು ತೆಗೆದಿಟ್ಟಿದ್ದಾರೆ, ಅವನ್ನು ಇದಕ್ಕೆ ಕಸಿ ಮಾಡಬೇಕು.

"ಗರಿಯ ದಂಟೂ ಟೊಳ್ಳೇ ಅಕ್ಕಾ, ಒಳಗೆ ಕಡ್ಡಿ ತೂರಿಸಿ ಜೋಡಿಸೋದು. ನಾನೂ ಪ್ರಯತ್ನ ಪಟ್ಟೆ. ಎರಡು ಗರಿ ಹಾಳು ಮಾಡಿದೆ."

ಅಕ್ಕ ಸ್ವಲ್ಪ ಹೊತ್ತು ಬಿದಿರ ಚೂರನ್ನು ಬೆರಳಲ್ಲಿ ತಿರುಗಿಸಿದಳು. "ಬರ್ತೀನಿ" ಅಂದಳು.

ಆ ಸಂಜೆ ಮನೆಯಲ್ಲಿ ಇದೇ ಮಾತು. ಅಕ್ಕನ ಗಂಡ ಬಸ್ ಕಂಡಕ್ಟರು, ದಿನವಿಡೀ ಜನರೊಂದಿಗೆ ಮಾತಾಡಿ ಬಂದರೂ ಅವನ ಮಾತು ಮುಗಿದಿರುವುದಿಲ್ಲ.

"ಯೋಚನೆ ಮಾಡೇ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಎಲ್ಲಾ ಸೇರಿ ನಿನ್ನ ಮೇಲೇ ಗೂಬೆ ಕೂರಿಸ್ತಾರೆ."

"ಕೂರಿಸಲಿ ಬಿಡಿ, ಹತ್ತಿರದಿಂದ ನೋಡಿದ ಹಾಗಾಗುತ್ತೆ."

ಮೂಲೆಯಲ್ಲಿ ಕಣ್ಣು ಮುಚ್ಚಿ ಒರಗಿದ್ದ ಅತ್ತೆ ಕಿಸಕ್ಕನೆ ನಕ್ಕರು. ಅತ್ತೆಗೆ ಎಂಬತ್ತೆರಡು. ಊಟಕ್ಕೆ ಬನ್ನಿ ಅಂತ ನಾಲ್ಕು ಸಲ ಕೂಗಿದರೂ ಕೇಳಿಸುವುದಿಲ್ಲ. ಗಂಡ ಹೆಂಡತಿ ಪಿಸುಗುಟ್ಟಿದರೆ ಮಾತ್ರ ಒಂದಕ್ಷರ ಬಿಡದೆ ಕೇಳಿಸುತ್ತದೆ.

ಹಕ್ಕಿಗಳ ಆಸ್ಪತ್ರೆ ಹಳೆಯ ಗೋದಾಮಿನಲ್ಲಿತ್ತು. ಮೇಜಿನ ಮೇಲೆ, ಪುಟ್ಟ ಮುಸುಕಿನಿಂದ ಮತ್ತಿನ ಗಾಳಿ ಎಳೆಯುತ್ತಾ ಗೂಬೆ ಮಲಗಿತ್ತು. ಅಕ್ಕ ಗೂಬೆ ಅಂದರೆ ದೊಡ್ಡ ಹಕ್ಕಿ ಅಂದುಕೊಂಡಿದ್ದಳು. ಎತ್ತಿ ನೋಡಿದರೆ ಮಡಚುವ ಕೊಡೆಯಷ್ಟೂ ತೂಕವಿಲ್ಲ. ಮುಖ ಕೊಯ್ದ ಸೇಬಿನ ಹೋಳಿನ ಹಾಗೆ, ಬೆಳ್ಳಗೆ. ಡಾಕ್ಟರಮ್ಮ ಮುಖದ ಪಕ್ಕದ ಗರಿ ಸರಿಸಿ ಕಿವಿಯ ತೂತು ತೋರಿಸಿದಳು. ಒಂದು ಸ್ವಲ್ಪ ಮೇಲೆ, ಇನ್ನೊಂದು ಸ್ವಲ್ಪ ಕೆಳಗೆ.

"ಹುಟ್ಟಿದ್ದೇ ಹೀಗಾ?"

"ಎಲ್ಲಾ ಕಣಜ ಗೂಬೆಗೂ ಹೀಗೇ ಅಕ್ಕಾ. ಕೆಳಗಿನ ಸದ್ದು ಒಂದು ಕಿವಿಗೆ ಜಾಸ್ತಿ, ಮೇಲಿನ ಸದ್ದು ಇನ್ನೊಂದಕ್ಕೆ ಜಾಸ್ತಿ. ಇಲಿ ಎಲ್ಲಿದೆ ಅಂತ ಕತ್ತಲಲ್ಲೂ ಅದಕ್ಕೆ ನಿಖರವಾಗಿ ಗೊತ್ತಾಗುತ್ತೆ. ಮುಖ ಇದೆಯಲ್ಲ, ಅದೇ ಸದ್ದು ಹಿಡಿಯೋ ತಟ್ಟೆ."

ಆಮೇಲೆ ಲಕೋಟೆಯಿಂದ ಸತ್ತ ಗೂಬೆಯ ಗರಿಯೊಂದನ್ನು ತೆಗೆದು ಅಕ್ಕನ ಅಂಗೈ ಮೇಲಿಟ್ಟಳು. ಅದರ ಮುಂದಂಚಿನಲ್ಲಿ ಬಾಚಣಿಗೆಯಂಥ ಸಣ್ಣ ಹಲ್ಲುಗಳು. ಮೇಲ್ಮೈ ಮಖಮಲ್ಲಿನಷ್ಟು ಮೆತ್ತಗೆ. ಅಕ್ಕ ಅದನ್ನು ಕಿವಿಯ ಹತ್ತಿರ ಜೋರಾಗಿ ಬೀಸಿದಳು. ಏನೂ ಕೇಳಲಿಲ್ಲ. ಮತ್ತೆ ಬೀಸಿದಳು. ತನ್ನ ಕಿವಿಯೇ ಕೆಟ್ಟಿತೇನೋ ಅಂತ ಬೆರಳು ಚಿಟಿಕೆ ಹೊಡೆದು ನೋಡಿಕೊಂಡಳು.

"ಇದೇ ಇದರ ಆಯುಧ" ಅಂದಳು ಡಾಕ್ಟರಮ್ಮ. "ಉಗುರು, ಕೊಕ್ಕು ಎಲ್ಲಾ ಆಮೇಲೆ. ಹಾರೋದು ಇಲಿಗೆ ಕೇಳಿಸಬಾರದು, ತನಗೆ ಇಲಿ ಕೇಳಿಸ್ತಾ ಇರಬೇಕು."

ಅಕ್ಕ ಎರಡು ಗಂಟೆ ತಲೆಯೆತ್ತಲಿಲ್ಲ. ಸೂಜಿಗಿಂತ ಸ್ವಲ್ಪವೇ ದಪ್ಪದ ಬಿದಿರ ಕಡ್ಡಿಗಳನ್ನು ಸವರಿ, ಮುರಿದ ದಂಟಿನೊಳಗೆ ಅರ್ಧ, ಹೊಸ ಗರಿಯೊಳಗೆ ಅರ್ಧ ತೂರಿಸಿ, ಹನಿ ಅಂಟು ಹಚ್ಚಿ ಕೂರಿಸಿದಳು. ನಾಲ್ಕೂ ಮುಗಿದಾಗ ಜೋಡಿಸಿದ ಜಾಗ ಎಲ್ಲಿದೆ ಅಂತ ಡಾಕ್ಟರಮ್ಮನೇ ಹುಡುಕಬೇಕಾಯಿತು.

ಗೂಬೆ ಎರಡೇ ದಿನದಲ್ಲಿ ಚೆನ್ನಾಗಿ ಹಾರಿತು. ಆದರೆ ಹಾರುವುದೇ ಬೇರೆ, ಬೇಟೆಯೇ ಬೇರೆ. ವಾರದ ಮೇಲೆ ಪರೀಕ್ಷೆ. ಗೋದಾಮಿನ ಉದ್ದದ ಕೋಣೆಯ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದು, ಬೆಳಗಿನ ಹನ್ನೊಂದಕ್ಕೇ ಗವ್ವೆನ್ನುವ ಕತ್ತಲೆ ಮಾಡಿದ್ದರು. ನೆಲದ ತುಂಬಾ ಒಣಗಿದ ಎಲೆ. ಒಂದು ತುದಿಯಲ್ಲಿ ನಿಲ್ಲಿಸಿದ ಕೊಂಬೆಯ ಮೇಲೆ ಗೂಬೆ, ಇನ್ನೊಂದು ತುದಿಯಲ್ಲಿ ಒಂದು ಇಲಿ. ಕತ್ತಲಲ್ಲೂ ಕಾಣುವ ಕ್ಯಾಮೆರಾ ಮೂಲೆಯಲ್ಲಿ. ಜಾಲರಿಯ ಹಿಂದಿನ ಬೆಂಚಿನ ಮೇಲೆ ಅಕ್ಕ ಮತ್ತು ಡಾಕ್ಟರಮ್ಮ ಉಸಿರು ಬಿಗಿಹಿಡಿದು ಕೂತರು.

ಎಲೆ ಸರಕ್ಕೆಂದಿತು. ಸ್ವಲ್ಪ ಹೊತ್ತಿನ ಮೇಲೆ ಧಪ್ ಅಂತ ಏನೋ ಬಿತ್ತು, ಎಲೆಗಳ ಮೇಲೆ ಪಟಪಟ ಓಡಿದ ಸದ್ದು. ಇಲಿ ತಪ್ಪಿಸಿಕೊಂಡಿತ್ತು. ಮತ್ತೆರಡು ಸಲವೂ ಹಾಗೇ.

"ಅಭ್ಯಾಸ ತಪ್ಪಿದೆ ಪಾಪ" ಅಂದಳು ಡಾಕ್ಟರಮ್ಮ.

"ಅದರ ತಪ್ಪಲ್ಲ, ನನ್ನದು" ಅಂದಳು ಅಕ್ಕ. "ಸ್ಸ್ ಅಂತ ಬಂತಲ್ಲ, ಕೇಳಿಸಲಿಲ್ವಾ?"

"ನನಗೇನೂ ಕೇಳಿಸಲಿಲ್ಲ ಅಕ್ಕಾ."

"ಮೂರು ಸಲವೂ ಬಂತು. ಎಡಗಡೆ, ಹೊರಗಿನ ಗರಿ. ನನಗೆ ಕೇಳಿಸಿದ್ದು ಇಲಿಗೆ ಕೇಳಿಸಲ್ವಾ?"

ಗರಿ ನೋಡಿದರೆ ಸರಿಯಾಗಿಯೇ ಇತ್ತು. ಎಲ್ಲಿ ಎಡವಟ್ಟಾಯಿತು ಅಂತ ಅಕ್ಕನಿಗೆ ಹೊಳೆಯಲಿಲ್ಲ. ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತು, ಬಟ್ಟೆ ಕಳಚಿದ ಕೊಡೆಯೊಂದನ್ನು ಬಿಚ್ಚುವುದು ಮುಚ್ಚುವುದು ಮಾಡತೊಡಗಿದಳು. ಅತ್ತೆ ಬಟಾಣಿ ಸುಲಿಯುತ್ತಿದ್ದರು.

"ಕೊನೇ ಕಡ್ಡಿ ತಿರುಚಿಕೊಂಡಿದೆಯಲ್ಲೇ."

"ಅದು ಪರವಾಗಿಲ್ಲ ಅತ್ತೆ, ಬಟ್ಟೆ ಹೊಲಿದರೆ ತಾನೇ ಸರಿಹೋಗುತ್ತೆ. ಬಟ್ಟೆ ಎಳೆದು ಹಿಡಿಯುತ್ತೆ."

"ಗೂಬೆಗೆ ಬಟ್ಟೆ ಯಾರು ಹೊಲೀತಾರೆ?"

ಅಕ್ಕ ಕೊಡೆ ಹಿಡಿದ ಕೈ ಹಾಗೇ ನಿಲ್ಲಿಸಿದಳು. ಕಡ್ಡಿ ಕೂದಲೆಳೆಯಷ್ಟು ತಿರುಚಿದ್ದರೂ ಬಟ್ಟೆ ಸರಿಮಾಡುತ್ತದೆ ಅಂತ ಇಪ್ಪತ್ತೆಂಟು ವರ್ಷ ಕೈ ನಂಬಿಕೊಂಡು ಬಂದಿತ್ತು. ರೆಕ್ಕೆಯಲ್ಲಿ ಹಾಗೆ ಎಳೆದು ಹಿಡಿಯಲು ಏನೂ ಇಲ್ಲ. ತಿರುಚಿದ ಗರಿ ತಿರುಚಿದ ಹಾಗೇ ಇರುತ್ತದೆ, ಆ ಸಂದಿಯಲ್ಲಿ ಗಾಳಿ ನುಗ್ಗಿ ಸದ್ದಾಗುತ್ತದೆ. ಅವಳು ಎದ್ದು ಅತ್ತೆಯ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದಳು.

"ಬಿಡೇ, ಬಟಾಣಿ ಚೆಲ್ಲುತ್ತೆ" ಅಂದರು ಅತ್ತೆ. ಆಮೇಲೆ, "ಮುಂದಿನ ಸಲ ನಾನೂ ಬರ್ತೀನಿ. ಐಡಿಯಾ ನಂದು" ಅಂದರು.

ಹೊರಗಿನ ಗರಿಯನ್ನು ಬಿಡಿಸಿ, ಹೊಸ ಕಡ್ಡಿ ಹಾಕಿ, ಈ ಸಲ ಪಕ್ಕದ ಗರಿಗೆ ತಾಳೆ ನೋಡಿ ನೋಡಿ ಕೂರಿಸಿದ್ದಾಯಿತು. ಎರಡನೇ ಪರೀಕ್ಷೆಗೆ ಬೆಂಚಿನ ಮೇಲೆ ಮೂವರು. ಅತ್ತೆ ನಡುವೆ ಕೂತು ಇಬ್ಬರ ಕೈಯನ್ನೂ ಹಿಡಿದುಕೊಂಡಿದ್ದರು.

ಕತ್ತಲೆ. ಎಲೆ ಸರಕ್ಕೆಂದಿತು. ಅಕ್ಕ ಎಡಗಿವಿ ಮುಂದೆ ಮಾಡಿ ಕೇಳಿದಳು. ಏನೂ ಇಲ್ಲ. ಇಲಿ ಮತ್ತೆ ಎರಡು ಹೆಜ್ಜೆ ಹಾಕಿತು. ಏನೂ ಇಲ್ಲ. ಇದ್ದಕ್ಕಿದ್ದ ಹಾಗೆ ಎಲೆಗಳು ಒಮ್ಮೆ ಕರಕ್ಕೆಂದವು, ಕೀಚ್ ಅಂತ ಒಂದೇ ಒಂದು ಸದ್ದು, ಮತ್ತೆ ಎಲ್ಲ ಸ್ತಬ್ಧ.

ಅತ್ತೆ ಸ್ವಲ್ಪ ಕಾದು ನೋಡಿದರು. "ಇನ್ಯಾವಾಗ ಶುರು ಮಾಡ್ತಾರೆ?"

"ಮುಗೀತು ಅತ್ತೆ" ಅಂದಳು ಅಕ್ಕ. ಅವಳಿಗೆ ನಗು ಬರುತ್ತಿತ್ತು.

ಆಮೇಲೆ ಡಾಕ್ಟರಮ್ಮ ಕ್ಯಾಮೆರಾದಲ್ಲಿ ಸೆರೆಯಾಗಿದ್ದನ್ನು ನಿಧಾನ ಮಾಡಿ ತೋರಿಸಿದಳು. ಗೂಬೆ ಮೊದಲು ತಲೆಯನ್ನಷ್ಟೇ ತಿರುಗಿಸಿ, ತಟ್ಟೆಯಂಥ ಮುಖವನ್ನು ಇಲಿಯ ಕಡೆಗೆ ಹಿಡಿಯಿತು. ರೆಕ್ಕೆ ಬಿಚ್ಚಿ ಕೊಂಬೆಯಿಂದ ಜಾರಿತು. ಇಲಿ ದಿಕ್ಕು ಬದಲಿಸಿದಾಗ ಗಾಳಿಯಲ್ಲೇ ತಾನೂ ದಿಕ್ಕು ಬದಲಿಸಿತು. ಕೊನೆಯ ಗಳಿಗೆಯಲ್ಲಿ ತಲೆ ಹಿಂದಕ್ಕೆ ಎಳೆದುಕೊಂಡು, ತಲೆಯಿದ್ದ ಜಾಗಕ್ಕೆ ಎರಡೂ ಕಾಲು ಚಾಚಿ ಉಗುರು ಬಿಡಿಸಿತು. ಇಲಿ ಆಗಲೂ ಎಲೆಯೊಂದನ್ನು ಮೂಸುತ್ತಲೇ ಇತ್ತು.

"ಕಣ್ಣಿಗೆ ಏನೂ ಕಾಣದೆ ಇಷ್ಟೆಲ್ಲಾ?" ಅಂದರು ಅತ್ತೆ.

"ಏನೂ ಕಾಣದೆ ಅಜ್ಜಿ."

"ನನಗೂ ಇಂಥ ಕಿವಿ ಇದ್ದಿದ್ರೆ" ಅಂತ ಅತ್ತೆ ನಿಟ್ಟುಸಿರು ಬಿಟ್ಟರು. ಅಕ್ಕ ಮುಖ ಆಚೆ ತಿರುಗಿಸಿ ನಕ್ಕಳು.

ನಾಲ್ಕು ದಿನ ತಪ್ಪದೆ ಬೇಟೆಯಾಡಿದ ಮೇಲೆ, ಊರಂಚಿನ ಧಾನ್ಯದ ಗೋದಾಮುಗಳ ಹಿಂದಿನ ಬಯಲಲ್ಲಿ, ಸೂರ್ಯ ಮುಳುಗುವ ಹೊತ್ತಿಗೆ ಗೂಬೆಯನ್ನು ಬಿಟ್ಟರು. ಪೆಟ್ಟಿಗೆಯ ಮುಚ್ಚಳ ತೆಗೆದದ್ದು ಅಕ್ಕನೇ. ಅದು ಅವಳ ಕಡೆ ತಿರುಗಿಯೂ ನೋಡದೆ, ಹುಲ್ಲಿನ ಮೇಲೆ ಬೆಳ್ಳಗೆ ತೇಲುತ್ತಾ ಹೋಯಿತು. ಅಕ್ಕನಿಗೆ ಬೇಸರವೇನೂ ಆಗಲಿಲ್ಲ. ಹೋಗುವಾಗ ಸದ್ದು ಬಂತೇ ಅಂತಷ್ಟೇ ಕಿವಿಗೊಟ್ಟಳು. ಬರಲಿಲ್ಲ.

ಅಲ್ಲಿಂದಾಚೆ ಅಕ್ಕನ ವಾರದಲ್ಲಿ ಒಂದು ದಿನ ಹಕ್ಕಿಗಳದ್ದಾಯಿತು. ಕಾರಿಗೆ ಬಡಿದ ಗಿಡುಗ, ಗಾಳಿಪಟದ ದಾರಕ್ಕೆ ಸಿಕ್ಕಿಕೊಂಡ ಹದ್ದು, ಬೇಲಿ ತಂತಿಯಲ್ಲಿ ಗರಿ ಹರಿದುಕೊಂಡ ಇನ್ನೊಂದು ಗೂಬೆ. ಒಂದೊಂದರ ಗರಿಯೂ ಒಂದೊಂದು ಥರ ಅಂತ ಅವಳು ಕಲಿತಳು. ಹದ್ದಿನ ಗರಿ ಅಗಲ, ಬಿಸಿ ಗಾಳಿಯ ಮೇಲೆ ಒರಗಿ ಗಂಟೆಗಟ್ಟಲೆ ಹುಡುಕುವುದಕ್ಕೆ. ಡೇಗೆಯ ಗರಿ ಗಡುಸು, ಕತ್ತಿಯಂತೆ ಚೂಪು. ಹಾರುವ ಪಾರಿವಾಳವನ್ನು ಗಾಳಿಯಲ್ಲೇ ಹೊಡೆದು ಕೆಡವುವ ಹಕ್ಕಿ ಅದು. ಅದಕ್ಕೆ ಸದ್ದಿನ ಚಿಂತೆಯೇ ಇಲ್ಲ, ವೇಗವೊಂದೇ ಬೇಕು.

ಅಂಥ ಡೇಗೆಯೊಂದಕ್ಕೆ ಅಕ್ಕ ಬಾಲದ ಐದು ಗರಿ ಜೋಡಿಸಿದ್ದಳು. ಬಿಟ್ಟ ಮೇಲೆ ಅದು ದೂರ ಹೋಗದೆ, ರೈಲು ನಿಲ್ದಾಣದ ಗಡಿಯಾರದ ಗೋಪುರದಲ್ಲೇ ಬೀಡುಬಿಟ್ಟಿದೆ ಅಂತ ಡಾಕ್ಟರಮ್ಮ ಫೋನು ಮಾಡಿದಳು. ಅವತ್ತು ಗಂಡನಿಗೆ ರಜೆ. ಅವನೂ ಬರುತ್ತೇನೆಂದು ಹೊರಟ. ಮೂವರೂ ಗೋಪುರದ ಎದುರಿನ ಕಟ್ಟಡದ ತಾರಸಿ ಹತ್ತಿದರು. ಇಡೀ ಮೆಟ್ಟಿಲು ಗಂಡ ಮಾತಾಡುತ್ತಲೇ ಹತ್ತಿದ. ಡೇಗೆಗೆ ಟಿಕೆಟ್ ಕೊಡಬೇಕಾದರೆ ಎಲ್ಲಿಂದ ಎಲ್ಲಿಗೆ ಅಂತ ಕೇಳುವಷ್ಟರಲ್ಲಿ ಅದು ಇಳಿದುಹೋಗಿರುತ್ತದೆ ಅಂತೆಲ್ಲ.

"ನೋಡಿ, ಮೇಲೆ" ಅಂದಳು ಡಾಕ್ಟರಮ್ಮ.

ಬೆಳಗಿನ ಆಕಾಶದಲ್ಲಿ ಒಂದು ಚುಕ್ಕೆ. ಕೆಳಗೆ, ನಿಲ್ದಾಣದ ಚಾವಣಿಯಿಂದ ಪಾರಿವಾಳಗಳ ಹಿಂಡು ಎದ್ದಿತ್ತು. ಚುಕ್ಕೆ ರೆಕ್ಕೆ ಮಡಚಿಕೊಂಡಿತು. ಮಡಚಿಕೊಂಡದ್ದೇ ಕಂಡದ್ದು, ಆಮೇಲೆ ಆಕಾಶದಿಂದ ಯಾರೋ ಕಲ್ಲು ಬಿಟ್ಟ ಹಾಗೆ ಒಂದು ಗೆರೆ. ಹಿಂಡು ಎರಡಾಗಿ ಸೀಳಿತು. ನಡುವೆ ಬಿಳಿ ಪುಕ್ಕಗಳು ಚದುರಿ ನಿಂತವು. ಗೆರೆಯ ತುದಿಯಲ್ಲಿ, ಅಕ್ಕ ಜೋಡಿಸಿದ ಬೇರೆ ಬಣ್ಣದ ಐದು ಗರಿಗಳಿದ್ದ ಬಾಲ ಬೀಸಣಿಗೆಯಂತೆ ಬಿಚ್ಚಿಕೊಂಡು, ವೇಗವನ್ನು ಹಿಡಿದು, ಹಕ್ಕಿಯನ್ನು ಮೇಲಕ್ಕೆ ತಿರುಗಿಸಿತು. ಕಾಲಲ್ಲಿ ಪಾರಿವಾಳ.

ಅಕ್ಕ ಚಪ್ಪಾಳೆ ತಟ್ಟಿದಳು. ತಟ್ಟಿದ್ದು ಅವಳಿಗೇ ಗೊತ್ತಾಗಲಿಲ್ಲ. ಐವತ್ತೆರಡರ ಹೆಂಗಸು ತಾರಸಿಯ ಮೇಲೆ ನಿಂತು ಹೀಗೆ ನಗುವುದನ್ನು ಡಾಕ್ಟರಮ್ಮ ಅದೇ ಮೊದಲು ನೋಡಿದ್ದು.

ಗಂಡನದು ಮಾತ್ರ ಸದ್ದಿಲ್ಲ. ಡಾಕ್ಟರಮ್ಮ ತಂದಿದ್ದ ದುರ್ಬೀನು ಅವನ ಕಣ್ಣಿಗೆ ಅಂಟಿಕೊಂಡಿತ್ತು. ಡೇಗೆ ಗೋಪುರದ ಅಂಚಿಗೆ ಇಳಿದು ಪುಕ್ಕ ಕೀಳತೊಡಗಿತ್ತು.

"ರೀ, ಇಲ್ಲಿ ಕೊಡಿ. ಗರಿ ಹಾಕಿದ್ದು ನಾನು."

"ಇರೇ ಒಂದು ನಿಮಿಷ" ಅಂದ ಅವನು, ದನಿ ತಗ್ಗಿಸಿ. "ಊಟಕ್ಕೆ ಕೂತಿದೆ."