ಎದುರಿನ ಅಂಚು

ಹಳೆ ನಾಣ್ಯದಂಗಡಿಯ ಭೂತಗನ್ನಡಿಗೆ ತಾನು ಯಾರ ಮುಲಾಜಿಗೂ ಬೀಳುವವನಲ್ಲ ಎಂಬ ಜಂಭ. ಸದಾ ಕಣ್ಣಿಗೆ ಮಸೂರ ಒತ್ತಿಕೊಂಡಿರುತ್ತಿದ್ದುದರಿಂದ ಬಂದ ಅಡ್ಡಹೆಸರು ಅದು. ಟಂಕಸಾಲೆಯ ತಪ್ಪಿನಿಂದ ಹುಟ್ಟಿದ ನಾಣ್ಯಕ್ಕೆ ಬೆಲೆಯುಂಟು. ಸವೆದದ್ದಕ್ಕೆ, ಜಜ್ಜಿದ್ದಕ್ಕೆ ಕವಡೆ ಕಾಸಿನ ಕಿಮ್ಮತ್ತಿಲ್ಲ. ಆಸೆ ಹೊತ್ತು ಬಂದವರಿಗೆ ಮುಖಕ್ಕೆ ಹೊಡೆದಂತೆ, "ಇದ್ರ ಮೇಲೆ ಲಾರಿ ಹತ್ತಿದೆ, ತಗೊಂಡ್ಹೋಗಿ" ಎಂದುಬಿಡುತ್ತಿದ್ದ. ಅಂಚು ತುಂಡಾದ ನಾಣ್ಯ ಬಂದರೆ ಮಾತ್ರ ಮೊದಲು ತುಂಡಾದ ಜಾಗಕ್ಕೆ ನೇರ ಎದುರಿನ ಅಂಚು ನೋಡುತ್ತಿದ್ದ. ಟಂಕಸಾಲೆಯಲ್ಲಿ ಅಚ್ಚು ಬೀಳುವ ಮುಂಚೆಯೇ ಲೋಹದ ಬಿಲ್ಲೆ ತುಂಡಾಗಿದ್ದರೆ ಎದುರಿನ ಅಂಚು ಏಳದೆ ಚಪ್ಪಟೆಯಾಗಿರುತ್ತದೆ. ಆಮೇಲೆ ಯಾರೋ ಕತ್ತರಿಸಿದ್ದರೆ ದಪ್ಪಗೆ ಎದ್ದು ನಿಂತಿರುತ್ತದೆ. ಇದನ್ನು ಕಂಡಕಂಡವರಿಗೆಲ್ಲ ಹೇಳಿ ಹೇಳಿ ಅವನಿಗೇ ಬಾಯಿ ನೋವು ಬಂದಿತ್ತು.

ಅವನ ಅಕ್ಕ ಅಂಥದ್ದೊಂದನ್ನು ಕರವಸ್ತ್ರದಲ್ಲಿ ಕಟ್ಟಿ ತಂದ ದಿನ ಈ ಮಹಾನುಭಾವ ಅದನ್ನು ತಿರುಗಿಸಲೂ ಇಲ್ಲ. ಬಸ್ಸಿನ ಚಿಲ್ಲರೆಯಲ್ಲಿ ಬಂತೆಂದು ಭಾವ ಕೊಟ್ಟಿದ್ದನಂತೆ. ಭಾವ ಲೋಹ ಕಡೆಯುವ ಲೇತ್ ಕೆಲಸದವನು, ಭೂತಗನ್ನಡಿಗೆ ಮೊದಲಿನಿಂದಲೂ ಅವನನ್ನು ಕಂಡರಾಗದು. ಅಷ್ಟೇ ಸಾಕಾಯಿತು.

"ಇದು ನಿನ್ ಗಂಡನ ಕೈಚಳಕ ಅಕ್ಕ. ನಿನ್ ಕೈಲಿ ನಂಗೆ ಟೋಪಿ ಹಾಕ್ಸೋಕೆ ನೋಡ್ತಿದಾನೆ."

ಅಕ್ಕ ನಂಬಿದಳು. ನಂಬದೆ ಏನು ಮಾಡಿಯಾಳು, ಊರೇ ಅವನ ಕಣ್ಣನ್ನು ನಂಬುತ್ತಿತ್ತಲ್ಲ! ಭಾವ ಆಣೆ ಇಟ್ಟ, ಗೋಗರೆದ, ಕೊನೆಗೆ ರೇಗಿ ಆ ನಾಣ್ಯಕ್ಕೆ ತೂತು ಕೊರೆದು ಬೀರುವಿನ ಬೀಗದ ಕೈಗೆ ಸಿಕ್ಕಿಸಿದ. ಅಂದಿನಿಂದ ಹನ್ನೊಂದು ವರ್ಷ ಅವನು ಏನೇ ಹೇಳಿದರೂ ಅವಳು ಅರ್ಧ ಕಿವಿಯಲ್ಲಿ ಕೇಳಿದಳು. ಎದೆನೋವು ಎಂದಾಗಲೂ ನಾಟಕವೆಂದೇ ತಿಳಿದಳು. ಅದು ನಾಟಕವಾಗಿರಲಿಲ್ಲ.

ಭಾವ ತೀರಿಹೋದ ಮುಂದಿನ ತಿಂಗಳು ಕಾಗದಪತ್ರ ಹುಡುಕಲು ಅಕ್ಕನ ಮನೆಯ ಬೀರು ತೆಗೆಯುವಾಗ ಆ ನಾಣ್ಯ ಭೂತಗನ್ನಡಿಯ ಅಂಗೈಗೆ ಬಂತು. ಬೆರಳು ಅಭ್ಯಾಸಬಲದಿಂದ ಎದುರಿನ ಅಂಚಿಗೆ ಹೋಯಿತು. ಅಲ್ಲಿ ಅಂಚೇ ಎದ್ದಿರಲಿಲ್ಲ. ಬೀಗದ ಕೈ ಉಜ್ಜಿ ಸವೆದಿರಲಪ್ಪಾ ಎಂದು ಬೇಡಿಕೊಳ್ಳುತ್ತ ಮಸೂರ ಹಿಡಿದ. ಸವೆತವಲ್ಲ. ತುಂಡಾದ ಜಾಗದ ಪಕ್ಕದ ಅಕ್ಷರಗಳೂ ಅಚ್ಚು ಬೀಳುವಾಗಲೇ ಅತ್ತ ಎಳೆದುಕೊಂಡಿದ್ದವು.

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು.

"ಇದು ಅಸಲಿ, ಅಕ್ಕ. ಟಂಕಸಾಲೇಲೇ ಆಗಿರೋದು. ಅವತ್ತು ನಾನು ತಿರುಗ್ಸಿ ನೋಡ್ಲಿಲ್ಲ."

ಬೆಲೆ ಎಷ್ಟೆಂದು ಅವಳು ಕೇಳಲಿಲ್ಲ.

"ಹಾಗಾದ್ರೆ ಅವ್ರು ಸುಳ್ಳು ಹೇಳಿರ್ಲಿಲ್ಲ" ಎಂದಳು, ತನಗೆ ತಾನೇ. ಆಮೇಲೆ ಬೀಗದ ಕೈಯನ್ನು ಅವನಿಂದ ಇಸಿದುಕೊಂಡಳು.

"ನೀನಿನ್ನು ಈ ಮನೆಗೆ ಬರ್ಬೇಡ."

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ.